ಬುಡ ನೋಡಿ ಅಣಬೆ ಕೀಳು

ಮೂರು ದಿನ ಬಿಡದೆ ಸುರಿದ ಮಳೆ ನಾಲ್ಕನೇ ದಿನ ಬೆಳಿಗ್ಗೆ ಹೊಳವಾಗಿತ್ತು. ಶಿವಮೊಗ್ಗದ ಅಂಚಿನ ಹೊಸ ಬಡಾವಣೆಯಲ್ಲಿರುವ ತಮ್ಮನ ಮನೆಯಲ್ಲಿದ್ದೆ. ಎಳೆಬಿಸಿಲು ಕಂಡದ್ದೇ ತಡ, ಪಾರ್ಕಿಗೆ ಓಡಿದ್ದ ಅವನ ಒಂಬತ್ತು ವರ್ಷದ ಮಗಳು ಅರ್ಧ ಗಂಟೆಯಲ್ಲಿ ವಾಪಸು ಬಂದಳು. ಫ್ರಾಕಿನ ಮಡಿಲ ತುಂಬ ಅಣಬೆ. ಒಂದೊಂದೂ ಊಟದ ತಟ್ಟೆಯಷ್ಟು ಅಗಲ, ಹಾಲಿನ ಬಿಳುಪು, ನಡುವೆ ಕಂದು ಬಣ್ಣದ ಹೊಪ್ಪಳೆ.

‘ದೊಡ್ಡಪ್ಪಾ, ಅಜ್ಜಿ ಮನೆಯ ಹೆಗ್ಗಾಲಣಬೆ! ಇನ್ನೂ ತುಂಬ ಇದೆ ಅಲ್ಲಿ’ ಎಂದಳು.

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಹೆಸರು ಕೇಳಿದರೇ ಬಾಯಲ್ಲಿ ನೀರೂರುತ್ತದೆ. ತಮ್ಮನ ಹೆಂಡತಿ ಆಗಲೇ ಕಾಯಿ ಒಡೆದಾಗಿತ್ತು. ನಿಜ ಹೇಳಬೇಕೆಂದರೆ ನಾನೂ ಮೊದಲ ನೋಟಕ್ಕೆ ಹೌದೌದು ಎಂದುಬಿಟ್ಟೆ. ಅಣಬೆಗಳನ್ನು ಮೊರಕ್ಕೆ ಸುರಿದು ಮಣ್ಣು ಕೆರೆಯಲು ಕೂತಾಗಲೇ ಏನೋ ಸರಿಯಿಲ್ಲ ಅನ್ನಿಸಿದ್ದು. ಕೆರೆಯಲು ಮಣ್ಣೇ ಇರಲಿಲ್ಲ! ಹೆಗ್ಗಾಲಣಬೆ ಎಂದರೆ ಕೈತುಂಬ ಕೆಮ್ಮಣ್ಣು ಮೆತ್ತಿದ ಉದ್ದನೆಯ ಬುಡ. ಇವುಗಳ ಕಾಲೋ, ನೆಲದ ಮಟ್ಟದಲ್ಲೇ ಸಣ್ಣ ಈರುಳ್ಳಿಯಂತೆ ಗುಂಡಗಾಗಿ ಮುಗಿದುಹೋಗಿತ್ತು.

‘ಹುತ್ತ ಎಲ್ಲಿತ್ತು ಮಗಾ?’

‘ಹುತ್ತ ಇಲ್ಲ. ಜಾರುಬಂಡಿ ಪಕ್ಕ, ಹುಲ್ಲಲ್ಲಿ. ರೌಂಡಾಗಿ ನಿಂತಿದ್ವು.’

ಅವತ್ತು ಅಣಬೆ ಸಾರು ಆಗಲಿಲ್ಲ. ಮನೆಯಲ್ಲಿ ಸ್ವಲ್ಪ ಮುಖ ಊದಿಸಿಕೊಂಡದ್ದೂ ಆಯಿತು. ಒಂದು ಅಣಬೆಯ ಕಾಲು ಕತ್ತರಿಸಿ, ಕೊಡೆಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೊಂದು ಸ್ಟೀಲ್ ಬೋಗುಣಿ ಮುಚ್ಚಿಟ್ಟೆ. ಉಳಿದವನ್ನು ಹಿತ್ತಲಲ್ಲಿ ಹೂಳಿದೆವು. ಮಾರನೇ ಬೆಳಿಗ್ಗೆ ಬೋಗುಣಿ ಎತ್ತಿದಾಗ ಹಾಳೆಯ ಮೇಲೆ ಚಕ್ರದ ಅರಗಳಂತೆ ಒಂದು ಚಿತ್ರ ಮೂಡಿತ್ತು. ಅದರ ಬಣ್ಣ ಬೂದು ಬೆರೆತ ಹಸಿರು. ಅಡಿಗೆಮನೆಯಲ್ಲಿ ಯಾರೂ ಒಂದು ನಿಮಿಷ ಮಾತಾಡಲಿಲ್ಲ.

ಹೆಗ್ಗಾಲಣಬೆಯ ಪುಡಿ ಎಂದೂ ಹಸಿರಾಗಿರುವುದಿಲ್ಲ. ಹುಡುಗಿ ತಂದದ್ದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಜಗತ್ತಿನ ಬೆಚ್ಚಗಿನ ನಾಡುಗಳಲ್ಲೆಲ್ಲ ಪಾರ್ಕು, ಆಟದ ಮೈದಾನ, ತೋಟದ ಹುಲ್ಲಿನಲ್ಲಿ ಏಳುವ ಅಣಬೆ ಅದು. ತಿಂದವರಿಗೆ ಒಂದರಿಂದ ಮೂರು ಗಂಟೆಯೊಳಗೆ ಕರುಳು ಕಿತ್ತು ಬರುವಂಥ ವಾಂತಿ, ಭೇದಿ. ದೊಡ್ಡವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಮೈಯಲ್ಲಿ ನೀರು ಬೇಗ ಇಳಿದುಹೋಗುವ ಚಿಕ್ಕ ಮಕ್ಕಳ ಪಾಡು ಕಷ್ಟ.

ಹುತ್ತದೊಳಗಿನ ತೋಟ

ಮೋಸಗಾರನನ್ನು ಗುರುತಿಸಬೇಕಾದರೆ ಮೊದಲು ಅಸಲಿಯ ಪರಿಚಯ ಚೆನ್ನಾಗಿರಬೇಕಷ್ಟೆ. ಹುತ್ತದ ಅಣಬೆಯ ಕತೆ ಶುರುವಾಗುವುದು ಅಣಬೆಯಿಂದಲ್ಲ, ಗೆದ್ದಲಿನಿಂದ.

ಗೆದ್ದಲು ಒಣಸೊಪ್ಪು, ಕೊಳೆತ ಕಟ್ಟಿಗೆ, ನಮ್ಮ ಮನೆಯ ಬಾಗಿಲ ಚೌಕಟ್ಟು ಎಲ್ಲವನ್ನೂ ತಿನ್ನುತ್ತದೆ ಎಂಬುದು ಗೊತ್ತು. ಆದರೆ ಹುತ್ತ ಕಟ್ಟುವ ನಮ್ಮ ಗೆದ್ದಲುಗಳಿಗೆ ಕಟ್ಟಿಗೆಯನ್ನು ತಾವೇ ಪೂರ್ತಿ ಅರಗಿಸಿಕೊಳ್ಳುವ ಶಕ್ತಿ ಇಲ್ಲ. ಅವು ಒಂದು ಉಪಾಯ ಮಾಡಿಕೊಂಡಿವೆ. ತಿಂದದ್ದನ್ನು ಅರೆಬರೆ ಅರಗಿಸಿ, ಹಿಕ್ಕೆಯ ರೂಪದಲ್ಲಿ ಹುತ್ತದೊಳಗಿನ ಕೋಣೆಗಳಲ್ಲಿ ಒಟ್ಟುತ್ತವೆ. ಅದು ಮಡಿಕೆ ಮಡಿಕೆಯಾಗಿ, ಸ್ಪಂಜಿನಂತೆ, ಸಣ್ಣ ಮೆದುಳಿನಂತೆ ಕಾಣುವ ತಟ್ಟಿಯಾಗುತ್ತದೆ. ಆ ತಟ್ಟಿಯ ಮೇಲೆ ಒಂದು ಶಿಲೀಂಧ್ರ ಬೆಳೆಯುತ್ತದೆ. ಕಟ್ಟಿಗೆಯ ಗಟ್ಟಿ ಭಾಗವನ್ನು ಅದು ಮೆತ್ತಗೆ ಮಾಡಿಕೊಡುತ್ತದೆ. ತಟ್ಟಿಯ ಮೇಲೆ ಸಾಸಿವೆ ಗಾತ್ರದ ಬಿಳಿ ಮುತ್ತುಗಳು ಮೂಡುತ್ತವೆ. ಗೆದ್ದಲುಗಳಿಗೆ ಅವೇ ಮೃಷ್ಟಾನ್ನ. ನಾವು ಭತ್ತ ಬೆಳೆಯುವುದಕ್ಕೆ ಎಷ್ಟೋ ಮುಂಚೆ, ಸುಮಾರು 3 ಕೋಟಿ ವರ್ಷಗಳ ಹಿಂದೆ, ಆಫ್ರಿಕಾದಲ್ಲಿ ಶುರುವಾದ ಬೇಸಾಯ ಇದು.

ಈ ಶಿಲೀಂಧ್ರ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು 1942ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ವಿಜ್ಞಾನಿ ರೋಜೆ ಹೈಮ್. ಮುಂದೆ 1979ರಲ್ಲಿ ಕೆ. ನಟರಾಜನ್ ದಕ್ಷಿಣ ಭಾರತದ ಒಂದು ಪ್ರಭೇದವನ್ನು ವಿವರಿಸಿ, ಹೈಮ್ ಅವರ ಗೌರವಾರ್ಥ ಟರ್ಮಿಟೋಮೈಸಿಸ್ ಹೈಮಿಯೈ ಎಂದು ಕರೆದರು. ಇದೇ ವಂಶದ ಜಾಂಬಿಯಾ ದೇಶದ ಟೈಟಾನಿಕಸ್ ಎಂಬ ಅಣ್ಣನ ಕೊಡೆ 1 ಮೀಟರ್ ಅಗಲ ಆಗುವುದುಂಟು. ಮಳೆಯಲ್ಲಿ ಸಿಕ್ಕಿಬಿದ್ದ ಮಗು ಅದನ್ನು ಕಿತ್ತು ಕೊಡೆಯಂತೆ ಹಿಡಿಯಬಹುದು! ನಮ್ಮ ಅಕ್ಕಿ ಅಣಬೆ ಇದೇ ವಂಶದ ಪುಟ್ಟ ತಂಗಿ. ಗೆದ್ದಲುಗಳು ಹೊರಗೆ ತಂದು ಹಾಕಿದ ಹಳೆಯ ತಟ್ಟಿಯ ಚೂರುಗಳ ಮೇಲೆ, ಅಂಗಳದಲ್ಲಿ ಯಾರೋ ಅಕ್ಕಿ ಚೆಲ್ಲಿದಂತೆ ನೂರು ಇನ್ನೂರು ಒಟ್ಟಿಗೇ ಏಳುತ್ತದೆ.

ಇನ್ನು ಮುಂಗಾರು. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲುಗಳು ಗುಂಪು ಗುಂಪಾಗಿ ದೀಪಕ್ಕೆ ಮುತ್ತುವುದನ್ನು ಎಲ್ಲರೂ ನೋಡಿದ್ದೀರಿ. ಹೊಸ ಸಂಸಾರ ಹೂಡಲು ಹೊರಟ ರಾಜ ರಾಣಿಯರು ಅವು. ಬಹುಪಾಲು ಜಾತಿಗಳಲ್ಲಿ ಈ ದಂಪತಿಗಳು ಅಣಬೆಯ ಬೀಜ ಕಟ್ಟಿಕೊಂಡು ಹೋಗುವುದಿಲ್ಲ. ಹೊಸ ಗೂಡಿನ ಮೊದಲ ಕೂಲಿಗಳು ಹೊರಗೆ ಬಂದಾಗ ಮಣ್ಣು, ತರಗೆಲೆಯ ಮೇಲೆ ಬಿದ್ದ ಬೀಜಕಗಳನ್ನು ಮೇವಿನ ಜೊತೆಗೆ ಒಳಗೆ ಒಯ್ಯಬೇಕು. ಆ ಬೀಜಕ ಹೊರಗೆ ಬೀಳಬೇಕಾದರೆ ನೆಲದಾಳದ ತೋಟದಿಂದ ಅಣಬೆ ಮೇಲೆ ಏಳಲೇಬೇಕು. ನಾವು ಹುತ್ತದ ಬದಿಯಲ್ಲಿ ಕಾಣುವುದು ಆ ಏಳುವಿಕೆಯನ್ನೇ. ಅಣಬೆ ಒಂದು ಗಿಡವಲ್ಲ. ಮಣ್ಣೊಳಗೆ ಹರಡಿದ ನೂಲಿನಂಥ ದೇಹ ವರ್ಷಕ್ಕೊಮ್ಮೆ ಬಿಡುವ ಹಣ್ಣು ಎಂದುಕೊಂಡರೆ ಸರಿ.

(ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತನ್ನು ನಾನು ಬಹಳ ಕಾಲ ನಕ್ಕು ತಳ್ಳಿಹಾಕಿದ್ದೆ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಶಿಟಾಕೆ ಅಣಬೆ ಬೆಳೆಯುವ ದಿಮ್ಮಿಗಳಿಗೆ ಕೃತಕ ಮಿಂಚಿನ ಹೊಡೆತ ಕೊಟ್ಟು ಇಳುವರಿ ಹೆಚ್ಚಿದ್ದನ್ನು ಕಂಡಿದ್ದಾರೆ ಎಂದು ಓದಿದ ಮೇಲೆ ನಗುವುದನ್ನು ನಿಲ್ಲಿಸಿದ್ದೇನೆ.)

ಹೆಸರಲ್ಲೇ ಇದೆ ಕಾಲು

ಘಟ್ಟದ ಮೇಲಿನವರಿಗೆ ಅಣಬೆ, ಕುಂದಾಪುರದ ಕಡೆ ಅಳಂಬೆ, ತುಳುವರಿಗೆ ಲಾಂಬು, ಕೊಡವರಿಗೆ ಕುಮ್ಮು. ಅದರೊಳಗೆ ಮತ್ತೆ ಊರಿಗೊಂದು ಒಳಹೆಸರು. ಒಂದೂರಿನ ಚುಳ್ಳಣಬೆ ಇನ್ನೊಂದೂರಲ್ಲಿ ಬೇರೆಯದೇ ಆಗಿರುವುದೂ ಉಂಟು. ಆದ್ದರಿಂದ ಫೋನಿನಲ್ಲಿ ಹೆಸರು ಕೇಳಿ ಅಣಬೆ ಗುರುತಿಸುವುದು ಫೋನಿನಲ್ಲಿ ಜಾತಕ ನೋಡಿ ಹುಡುಗನನ್ನು ಒಪ್ಪಿದಂತೆ. ಆದರೆ ಹೆಗ್ಗಾಲು ಎಂಬ ಹೆಸರಿಟ್ಟವರು ಸರಿಯಾದ ಜಾಗವನ್ನೇ ನೋಡಿದ್ದಾರೆ ಎಂಬುದು ನನ್ನ ಅನಿಸಿಕೆ. ಹೆಗ್ಗಾಲು ಅಂದರೆ ದೊಡ್ಡ ಕಾಲು.

ನೆಲದ ಮೇಲೆ ಒಂದು ಗೇಣು ಕಾಣುವ ಕಾಲು ಮಣ್ಣೊಳಗೆ ಬೇರಿನಂತೆ ಸಪುರವಾಗುತ್ತ ಇಳಿಯುತ್ತದೆ. ಎಷ್ಟು ಆಳ? ಗೆದ್ದಲಿನ ತೋಟ ಎಷ್ಟು ಆಳದಲ್ಲಿದೆಯೋ ಅಷ್ಟು. ಕೆಲವೊಮ್ಮೆ ಒಂದು ಮೊಳಕ್ಕೂ ಹೆಚ್ಚು. ಎಳೆದರೆ ಸಾಮಾನ್ಯವಾಗಿ ನಡುವೆ ತುಂಡಾಗುತ್ತದೆ. ಅಜ್ಜಿ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು, ‘ಬುಡ ನೋಡಿ ಕೀಳು’. ಅದು ನಾಜೂಕಾಗಿ ಕೀಳಲು ಹೇಳಿದ ಮಾತು ಎಂದು ನಾವು ತಿಳಿದಿದ್ದೆವು. ಗುರುತಿನ ಮಾತೂ ಅದೇ ಎಂದು ಅರ್ಥವಾಗಲು ಆ ಹಸಿರು ಹಾಳೆ ಬೇಕಾಯಿತು.

ಎರಡನೆಯ ಗುರುತು ನೆತ್ತಿಯಲ್ಲಿದೆ. ಗಟ್ಟಿ ಮಣ್ಣನ್ನು ಕೆಳಗಿನಿಂದ ಕೊರೆದು ಬರಬೇಕಲ್ಲ, ಹಾಗಾಗಿ ಹುತ್ತದ ಅಣಬೆಯ ಕೊಡೆಯ ನಡುವೆ ಒಂದು ಗಟ್ಟಿ ಮೊನೆ ಇರುತ್ತದೆ. ಕೆಲವು ಪ್ರಭೇದಗಳಲ್ಲಿ ಬುಗುರಿಯ ಮೊಳೆಯಂತೆ ಚೂಪು, ಕೆಲವದರಲ್ಲಿ ಬರೀ ಉಬ್ಬು. ಕೊಡೆ ಅರಳಿ ಚಪ್ಪಟೆಯಾಗಿ ಅಂಚು ಸೀಳಿದ ಮೇಲೂ ಆ ನೆತ್ತಿ ಉಳಿದಿರುತ್ತದೆ, ಉಳಿದ ಭಾಗಕ್ಕಿಂತ ಗಾಢ ಬಣ್ಣದಲ್ಲಿ. ಪಾರ್ಕಿನ ಅಣಬೆಗೂ ನಡುವೆ ಕಂದು ಕಲೆ ಇದೆ, ಮೋಸ ಹೋಗುವುದು ಅಲ್ಲೇ. ಆದರೆ ಅದು ಮೊನೆಯಲ್ಲ, ಕೊಡೆ ಹಿಗ್ಗಿದಾಗ ಸಿಪ್ಪೆ ಒಡೆದು ಉಳಿದ ಹೊಪ್ಪಳೆ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ.

ಕೊಡೆಯ ಅಡಿ ತಿರುಗಿಸಿದರೆ ಪುಸ್ತಕದ ಹಾಳೆಗಳಂಥ ಕಿವಿರುಗಳು ಕಾಣುತ್ತವೆ. ಹುತ್ತದ ಅಣಬೆಯಲ್ಲಿ ಅವು ಬಿಳಿಯಿಂದ ನಸುಗೆಂಪಿಗೆ ತಿರುಗುತ್ತವೆ, ಕಾಲಿಗೆ ತಾಕದೆ ಸ್ವಲ್ಪ ಹಿಂದೆಯೇ ನಿಲ್ಲುತ್ತವೆ. ಪಾರ್ಕಿನದರ ಕಿವಿರೂ ಎಳೆಯದಿದ್ದಾಗ ಬಿಳಿಯೇ, ಕಾಲಿಗೆ ತಾಕದ್ದೇ. ಬಲಿತ ಮೇಲಷ್ಟೇ ಹಸಿರು ಛಾಯೆ. ಹುಡುಗಿ ತಂದವುಗಳಲ್ಲಿ ಹೆಚ್ಚಿನವು ಅಂದು ಬೆಳಿಗ್ಗೆ ಅರಳಿದವು, ಬೆಳ್ಳಗೇ ಇದ್ದವು. ಕಣ್ಣಿಗೆ ಕಾಣದ ಬಣ್ಣವನ್ನು ಹಾಳೆ ತೋರಿಸಿತು.

ಉಂಗುರದ ವಿಷಯ ಒಂದಿಷ್ಟು ಗೊಂದಲದ್ದು. ಕಾಲಿಗೆ ಉಂಗುರ ಇದ್ದರೆ ವಿಷ, ಇಲ್ಲದಿದ್ದರೆ ಅಮೃತ ಎಂದು ಹೇಳುವವರಿದ್ದಾರೆ. ಪಾರ್ಕಿನ ಅಣಬೆಗೆ ಮೇಲೆ ಕೆಳಗೆ ಜಾರಿಸಬಹುದಾದ ಉಂಗುರ ಇದ್ದದ್ದು ನಿಜ. ಆದರೆ ಈಗಷ್ಟೇ ಹೇಳಿದ ಹೈಮಿಯೈಗೂ ದಪ್ಪ ಉಂಗುರ ಇದೆ. ಅದು ತಿನ್ನುವ ಅಣಬೆ! ಅಂಗಡಿಯ ಬಟನ್ ಅಣಬೆಗೂ ಉಂಗುರ ಇದೆ. ಉಂಗುರವನ್ನು ಗಮನಿಸಿ, ಆದರೆ ಅದರ ಮೇಲೆ ತೀರ್ಪು ಬರೆಯಬೇಡಿ.

ಹಾಗಾದರೆ ಉದ್ದ ಬೇರೊಂದೇ ಸಾಕೇ? ಅದೂ ಸಾಲದು. ಕಾಡಿನಲ್ಲಿ ಬೇರುಳ್ಳ ಇನ್ನೊಂದು ಅಣಬೆ ಇದೆ, ಹೈಮೆನೋಪೆಲಿಸ್ ಬಳಗದ್ದು. ಕೊಡೆ ಕಂದು, ಕಾಲು ನೀಳ, ಮಣ್ಣೊಳಗೆ ಉದ್ದನೆಯ ಬೇರು. ಮೇಲುನೋಟಕ್ಕೆ ಹುತ್ತದ್ದೇ. ಆದರೆ ಅದರ ಬೇರು ಹೋಗಿ ಮುಟ್ಟುವುದು ಹೂತುಹೋದ ಕಟ್ಟಿಗೆಯನ್ನು. ಒದ್ದೆಯಾದಾಗ ಕೊಡೆ ಲೋಳೆಲೋಳೆ. ಕಿವಿರು ಕಾಲಿಗೆ ಅಂಟಿಕೊಂಡಿರುತ್ತದೆ. ಇದು ಕೊಲ್ಲುವ ಅಣಬೆಯೇನಲ್ಲ. ಆದರೂ ಬೇರು ಕಂಡಿತು, ಹುತ್ತದ್ದೇ ಎಂದು ಕೂಗುವವರು ನೆನಪಿಡಬೇಕಾದ ಅಣಬೆ.

ಅಕ್ಕಿ ಅಣಬೆಗೂ ಪ್ರತಿರೂಪಗಳಿವೆ, ಅಲ್ಲಿ ಆಟ ಇನ್ನೂ ಸೂಕ್ಷ್ಮ. ಕೊಳೆತ ಬೊಡ್ಡೆಯ ಬಳಿ ನೂರಾರು ಪುಟ್ಟ ಬೂದು ಕೊಡೆಗಳು ಒಟ್ಟಿಗೆ ನಿಂತಿರುತ್ತವೆ. ಅವು ಕೊಪ್ರಿನೆಲಸ್, ಬೀಜಕದ ಪುಡಿ ಕಪ್ಪು. ಇನೊಸೈಬಿ ಎಂಬ ಗುಂಪಿನ ಸಣ್ಣ ಅಣಬೆಗಳಿಗೂ ಚೂಪು ನೆತ್ತಿ, ಸೀಳಿದ ಅಂಚು. ಹಾಳೆಯ ಮೇಲೆ ಇಟ್ಟರೆ ಮಣ್ಣಿನ ಕಂದು. ಅದರಲ್ಲಿ ಮಸ್ಕರಿನ್ ಎಂಬ ವಿಷವಿದೆ. ತಿಂದ ಎರಡು ಗಂಟೆಯೊಳಗೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು. ಅಕ್ಕಿ ಅಣಬೆಯ ಹಿಂಡಿನ ನಡುವೆ ಇಂಥ ನಾಲ್ಕು ಬುಟ್ಟಿಗೆ ಬಿದ್ದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅಜ್ಜಿ ಅಕ್ಕಿ ಅಣಬೆಯನ್ನು ಹಿಡಿ ಹಿಡಿಯಾಗಿ ಬಾಚದೆ, ಹೂ ಬಿಡಿಸಿದಂತೆ ಒಂದೊಂದೇ ಬಿಡಿಸುತ್ತಿದ್ದುದು ಸುಮ್ಮನಲ್ಲ.

ಹಾಳೆಯ ಮೇಲೆ ಅಣಬೆಯ ಸಹಿ

ಮಕ್ಕಳು ಮನೆಯಲ್ಲಿ ಮಾಡಬಹುದಾದ ಕೆಲಸ ಇದು, ತಿನ್ನುವ ಯೋಚನೆ ಬಿಟ್ಟು. ಅಂಗಡಿಯ ಅಣಬೆಯಿಂದ ಶುರು ಮಾಡಿ. ಬಟನ್ ಅಣಬೆಯ ಪೊಟ್ಟಣದಲ್ಲಿ ಕೊಡೆ ಬಿಚ್ಚಿಕೊಂಡು ಒಳಗಿನ ಕಂದು ಕಿವಿರು ಕಾಣುವ ಒಂದಾದರೂ ಇರುತ್ತದೆ. ಅದರ ಕಾಲನ್ನು ಕೊಡೆಯ ಮಟ್ಟಕ್ಕೆ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಹಾಳೆ ಅಂಟಿಸಿ, ನಡುವಿನ ಗೆರೆಯ ಮೇಲೆ ಕಿವಿರು ಕೆಳಗಾಗಿ ಕೊಡೆ ಇಡಿ. ಬಿಳಿ ಪುಡಿ ಬಿಳಿ ಹಾಳೆಯ ಮೇಲೆ ಕಾಣುವುದಿಲ್ಲ, ಅದಕ್ಕೆ ಕಪ್ಪು. ಕೊಡೆಯ ನೆತ್ತಿಗೆ ಒಂದು ಹನಿ ನೀರು, ಮೇಲೆ ಬೋಗುಣಿ. ರಾತ್ರಿ ಇಟ್ಟು ಬೆಳಿಗ್ಗೆ ಎತ್ತಿ. ಉಸಿರು ಬಿಗಿಹಿಡಿದು ಎತ್ತಿ, ಜೋರಾಗಿ ಉಸಿರು ಬಿಟ್ಟರೂ ಪುಡಿ ಹಾರುತ್ತದೆ. ಬಟನ್ ಅಣಬೆಯ ಸಹಿ ಚಾಕೊಲೇಟ್ ಕಂದು. ಚಿಪ್ಪಣಬೆಯದು ಬಿಳಿ ಅಥವಾ ತಿಳಿ ನೇರಳೆ. ಹುತ್ತದ ಅಣಬೆಯದು ಕೆನೆಗೆ ಚೂರು ಗುಲಾಬಿ ಬೆರೆಸಿದಂತೆ. ಪಾರ್ಕಿನದು ಹಸಿರು.

ಹಾಳೆಯ ಮೇಲಿನ ಪ್ರತಿ ಕಣವೂ ಒಂದು ಬೀಜಕ. ಸೂಕ್ಷ್ಮದರ್ಶಕ ಇಲ್ಲದೆ ಒಂದನ್ನೂ ಬಿಡಿಯಾಗಿ ನೋಡಲಾಗದು. ಲಕ್ಷಗಟ್ಟಲೆ ಒಟ್ಟಿಗೆ ಬಿದ್ದಾಗ ಮಾತ್ರ ಬಣ್ಣವಾಗಿ ಕಾಣುತ್ತವೆ.

ಕಾಡಿನ ಅಣಬೆಯನ್ನು ಮುಟ್ಟಿದ ಮಾತ್ರಕ್ಕೆ ವಿಷವೇರುವುದಿಲ್ಲ. ಮುಟ್ಟಿ, ನೋಡಿ, ಮೂಸಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಾಲಿಗೆಗೆ ಮಾತ್ರ ಬೇಡ, ತುದಿಯಷ್ಟೂ ಬೇಡ.

ಬೆಳ್ಳಿ ಉಂಗುರದ ಕತೆ

ಇಷ್ಟೆಲ್ಲ ತಾಪತ್ರಯ ಯಾಕೆ, ಸಾರಿಗೆ ಬೆಳ್ಳಿ ಉಂಗುರ ಹಾಕಿದರೆ ಗೊತ್ತಾಗುತ್ತದಲ್ಲ ಎಂದು ನಮ್ಮ ಪಕ್ಕದ ಮನೆಯವರು ಅಂದರು. ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ನೀಲಿಯಾಗುತ್ತದೆ, ಅನ್ನದ ಬಣ್ಣ ತಿರುಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಯುರೋಪಿನಲ್ಲೂ ಚೀನಾದಲ್ಲೂ ಇದೆ. ಮೂರೂ ಸುಳ್ಳು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಅಣಬೆಯ ಮಾರಕ ವಿಷಕ್ಕೆ ಬೆಳ್ಳಿಯ ಹಂಗಿಲ್ಲ. ಹುಳ ತಿಂದ ಅಣಬೆ ನಾವೂ ತಿನ್ನಬಹುದು ಎಂಬುದೂ ಹಾಗೆಯೇ. ಗೊಂಡೆಹುಳು ನೆಮ್ಮದಿಯಾಗಿ ತಿಂದು ಹೋದದ್ದು ಮನುಷ್ಯನ ಯಕೃತ್ತನ್ನು ಕೊಲ್ಲಬಲ್ಲದು. ಅರಿಶಿನ ಹಾಕಿ ಕುದಿಸಿ ನೀರು ಚೆಲ್ಲಿದರೂ ಪ್ರಯೋಜನವಿಲ್ಲ. ಬಣ್ಣಬಣ್ಣದ್ದು ವಿಷ, ಬಿಳಿಯದು ಸಾಧು ಎಂಬ ನಂಬಿಕೆಯಂತೂ ಎಲ್ಲಕ್ಕಿಂತ ಅಪಾಯದ್ದು.

ಯಾಕೆಂದರೆ ಜಗತ್ತಿನಲ್ಲಿ ಅಣಬೆ ತಿಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಅಮಾನಿಟಾ ಎಂಬ ಕುಲದ ಬಿಳಿ, ತಿಳಿಹಸಿರು, ನೋಡಲು ಸೌಮ್ಯವಾದ ಅಣಬೆಗಳು. ಡೆತ್ ಕ್ಯಾಪ್ ಎಂದು ಕುಖ್ಯಾತವಾದದ್ದು ಇದೇ ಕುಲದ್ದು. ಅದರ ವಿಷ ಕುದಿಸಿದರೂ, ಒಣಗಿಸಿದರೂ, ಫ್ರಿಜ್ಜಿನಲ್ಲಿಟ್ಟರೂ ಹಾಗೆಯೇ ಇರುತ್ತದೆ. ತಿಂದವರು ಬದುಕಿ ಉಳಿದು ರುಚಿ ಚೆನ್ನಾಗಿತ್ತು ಎಂದು ಹೇಳಿದ್ದುಂಟು. ಅರ್ಧ ಅಣಬೆ ಒಬ್ಬ ವಯಸ್ಕನಿಗೆ ಸಾಕು.

ಇದರ ಕೆಲಸದ ರೀತಿ ತಿಳಿದರೆ ಮೈ ಜುಮ್ಮೆನ್ನುತ್ತದೆ. ರಾತ್ರಿ ಊಟ ಮಾಡಿದವರು ಆರಾಮಾಗಿ ಮಲಗುತ್ತಾರೆ. ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಹೊಟ್ಟೆನೋವು, ವಾಂತಿ, ನೀರಿನಂಥ ಭೇದಿ. ಎರಡನೇ ದಿನ ತಾನಾಗಿ ಕಡಿಮೆಯಾಗುತ್ತದೆ. ಮನೆಯವರು ಗಂಜಿ ಕುಡಿಸಿ, ಸದ್ಯ ಪಾರಾದೆವು ಅಂದುಕೊಳ್ಳುತ್ತಾರೆ. ಒಳಗೆ ವಿಷ ಯಕೃತ್ತಿನ ಜೀವಕೋಶಗಳಲ್ಲಿ ಕೂತು, ಹೊಸ ಪ್ರೋಟೀನ್ ತಯಾರಿಗೆ ಬೇಕಾದ ಆದೇಶಪತ್ರ ಬರೆಯುವ ಯಂತ್ರವನ್ನೇ ನಿಲ್ಲಿಸಿರುತ್ತದೆ. ಮೂರು, ನಾಲ್ಕನೇ ದಿನ ಕಣ್ಣು ಹಳದಿಯಾಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು 13 ಮಂದಿ ಸತ್ತರು. ಹೆಚ್ಚಿನವರು ಚಹಾ ತೋಟದ ಕೂಲಿ ಕುಟುಂಬಗಳವರು, ಅವರಲ್ಲಿ ಮಕ್ಕಳೂ ಇದ್ದರು.

ಅಮಾನಿಟಾ ಗುರುತೂ ಬುಡದಲ್ಲೇ ಇದೆ. ಕಾಲಿನ ಕೊನೆಯಲ್ಲಿ ಮೊಟ್ಟೆಯ ಒಡೆದ ಚಿಪ್ಪಿನಂಥ ಒಂದು ಚೀಲ ಇರುತ್ತದೆ, ಮಣ್ಣೊಳಗೆ ಹುದುಗಿ. ಮೇಲಿನಿಂದ ಕಾಲನ್ನು ಚಿವುಟಿ ತಂದರೆ ಚೀಲ ಮಣ್ಣಿನಲ್ಲೇ ಉಳಿಯುತ್ತದೆ, ಬುಟ್ಟಿಗೆ ಬಂದದ್ದು ಬರೀ ಬಿಳಿ ಅಣಬೆ. ಅಮಾನಿಟಾದ ಬೀಜಕ ಬಿಳಿ, ಹುತ್ತದ್ದು ಕೆನೆಗುಲಾಬಿ; ಹಾಳೆಯ ಮೇಲೆ ತೆಳುವಾಗಿ ಬಿದ್ದರೆ ಅನುಭವಿಗೂ ಈ ವ್ಯತ್ಯಾಸ ಹಿಡಿಯುವುದು ಕಷ್ಟ. ಹಾಗಾಗಿ ಹಸಿರು ಬರಲಿಲ್ಲ, ತಿನ್ನೋಣ ಎಂದು ಯಾರೂ ಹೊರಡಬಾರದು. ಹಾಳೆ ‘ಬೇಡ’ ಎಂದು ಹೇಳಬಲ್ಲದು, ‘ತಿನ್ನು’ ಎಂದು ಹೇಳಲಾರದು.

ಅಮಾನಿಟಾ ಎಳೆಯದಿದ್ದಾಗ ಪೂರ್ತಿ ಮೊಟ್ಟೆಯಂತೆಯೇ ಇರುತ್ತದೆ. ಇಲ್ಲಿ ಕರಾವಳಿಯವರು ಕಿವಿಗೊಡಬೇಕು. ಮಳೆಗಾಲದ ಶುರುವಿನಲ್ಲಿ ಉಡುಪಿ, ಕಾರ್ಕಳದ ಕಡೆ ಮುರಕಲ್ಲು ನೆಲದಲ್ಲಿ ಕೆದಕಿ ತೆಗೆಯುವ ಗೋಲಿಯಂಥ ಕಲ್ಲಣಬೆಗೆ ಕೋಳಿಮಾಂಸಕ್ಕಿಂತ ಹೆಚ್ಚು ಬೆಲೆ. ಅದನ್ನು ಸೀಳಿದರೆ ಒಳಗೆ ಗಟ್ಟಿ, ಏಕರೂಪದ ಬಿಳುಪು. ಸೀಳಿದಾಗ ಒಳಗೆ ಪುಟ್ಟ ಕೊಡೆ, ಪುಟ್ಟ ಕಾಲಿನ ಆಕಾರ ಕಂಡರೆ ಅದು ಕಲ್ಲಣಬೆಯಲ್ಲ. ನೇರಳೆ ಕಪ್ಪಾಗಿದ್ದರೆ ಸ್ಕ್ಲೆರೋಡರ್ಮಾ ಇರಬಹುದು, ಅದೂ ಹೊಟ್ಟೆ ಕೆಡಿಸುತ್ತದೆ. ಬಲಿತ ಕಲ್ಲಣಬೆಯೂ ಕಪ್ಪಾಗುತ್ತದೆ, ಅದನ್ನು ಹೇಗಿದ್ದರೂ ಯಾರೂ ತಿನ್ನುವುದಿಲ್ಲ. ಒಂದನ್ನು ಸೀಳಿದರೆ ಸಾಲದು, ಪ್ರತಿಯೊಂದನ್ನೂ ಸೀಳಬೇಕು.

ಊರು ಬದಲಾದರೆ ಅಣಬೆಯೂ ಬೇರೆ

ಕ್ಯಾಲಿಫೋರ್ನಿಯಾದಲ್ಲಿ, ಆಸ್ಟ್ರೇಲಿಯಾದಲ್ಲಿ ಡೆತ್ ಕ್ಯಾಪ್ ತಿಂದು ಆಸ್ಪತ್ರೆ ಸೇರಿದವರಲ್ಲಿ ಏಷ್ಯಾದಿಂದ ಹೋದವರು ಹಲವರು. ತಮ್ಮ ಊರಿನ ಭತ್ತದ ಹುಲ್ಲಿನ ಅಣಬೆಯೇ ಇದು ಎಂದು ನಂಬಿದವರು. ಹುಲ್ಲಿನ ಅಣಬೆಗೂ ಬುಡದಲ್ಲಿ ಚೀಲ ಇದೆ, ಅದೂ ಮೊಟ್ಟೆಯಿಂದಲೇ ಏಳುತ್ತದೆ. ಡೆತ್ ಕ್ಯಾಪ್ ಆ ನಾಡುಗಳದ್ದಲ್ಲ. ಯುರೋಪಿನಿಂದ ಓಕ್ ಮುಂತಾದ ಮರಗಳ ಬೇರಿನ ಜೊತೆ ಬಂದದ್ದು. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಕುಟುಂಬಗಳಿಗೆ ಹೇಳಬೇಕಾದದ್ದು ಇಷ್ಟೇ: ಊರಲ್ಲಿ ಕಲಿತ ಅಣಬೆಯ ಗುರುತು ಊರಿನ ಮಣ್ಣಿಗೆ ಸಂಬಂಧಿಸಿದ್ದು. ಅಜ್ಜಿಗೆ ಹುತ್ತದ ಅಣಬೆ ಗೊತ್ತಿತ್ತು ಎಂದರೆ ಆ ಹುತ್ತ ಗೊತ್ತಿತ್ತು, ಅದರಲ್ಲಿ ಯಾವ ವಾರ ಏಳುತ್ತದೆ ಎಂದು ಗೊತ್ತಿತ್ತು, ಅದೇ ಜಾಗದಲ್ಲಿ ಅವಳ ಅತ್ತೆಯೂ ಕಿತ್ತಿದ್ದರು. ಆ ಜ್ಞಾನವನ್ನು ವಿಮಾನದಲ್ಲಿ ಕೊಂಡೊಯ್ಯಲು ಬರುವುದಿಲ್ಲ. ನಲವತ್ತು ಕಿಲೋಮೀಟರ್ ದೂರದ ಬಡಾವಣೆಗೆ ಒಯ್ಯುವುದೇ ನಮಗೆ ಕಷ್ಟವಾಯಿತು.

ಫೋಟೊ ತೆಗೆದರೆ ಹೆಸರು ಹೇಳುವ ಮೊಬೈಲ್ ಆ್ಯಪುಗಳನ್ನು ಹುಡುಗಿ ನನಗೆ ತೋರಿಸಿದಳು. ಆಟಕ್ಕೆ ಚೆನ್ನಾಗಿವೆ. ಆದರೆ ಫೋಟೊಗೆ ಬುಡ ಕಾಣದು, ಪುಡಿಯ ಬಣ್ಣ ಕಾಣದು. ಅವುಗಳ ಮಾತಿನ ಮೇಲೆ ಒಲೆ ಹೊತ್ತಿಸಬೇಡಿ.

ಒಂದು ವೇಳೆ ಯಾರಾದರೂ ತಿಂದೇಬಿಟ್ಟರೆ? ವಾಂತಿ ಬರಲಿ ನೋಡೋಣ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಕರೆ ಮಾಡಬೇಕು. ಉಳಿದ ಅಣಬೆ, ಸಿಪ್ಪೆ, ಕಸದ ಬುಟ್ಟಿಯ ಬುಡ, ಪಾತ್ರೆಯ ತಳದ ಸಾರು ಸಿಕ್ಕಿದ್ದನ್ನು ಜೊತೆಗೆ ಒಯ್ಯಿರಿ. ಹಸಿ ಅಣಬೆಯಾದರೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ. ಎಷ್ಟು ಗಂಟೆಗೆ ತಿಂದರು, ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದೇ ಅದನ್ನು. ಆರು ಗಂಟೆಯ ನಂತರ ಶುರುವಾದ ವಾಂತಿ ಬೇಗ ಶುರುವಾದದ್ದಕ್ಕಿಂತ ಹೆಚ್ಚು ಭಯದ್ದು. ಬೇಗ ಶುರುವಾಯಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ಬುಟ್ಟಿಯಲ್ಲಿ ಎರಡು ಜಾತಿ ಬೆರೆತಿರಬಹುದು. ಜೊತೆಗೆ ಉಂಡವರೆಲ್ಲರೂ, ಏನೂ ಆಗದವರೂ, ಹೋಗಬೇಕು.

ಹುತ್ತದ ಅಣಬೆಯನ್ನು ಬಟನ್ ಅಣಬೆಯಂತೆ ಶೆಡ್ಡಿನಲ್ಲಿ ಬೆಳೆದು ಮಾರುವಂತಾದರೆ ಈ ರಗಳೆಯೇ ಇರುತ್ತಿರಲಿಲ್ಲ. ಅದರ ನೂಲನ್ನು ಪ್ರಯೋಗಶಾಲೆಯಲ್ಲಿ ಬೆಳೆಸುತ್ತಾರೆ. ಆದರೆ ಗೆದ್ದಲಿಲ್ಲದೆ ಅದು ಕೊಡೆ ಬಿಡಲು ಒಪ್ಪುತ್ತಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ರಸ್ತೆ ಬದಿ ಕೆಸುವಿನೆಲೆಯ ಮೇಲೆ ಹರವಿಟ್ಟು ಮಾರುವವರ ಬಳಿ ಸಿಗುವುದೆಲ್ಲ ಯಾವುದೋ ಹುತ್ತ ಕೊಟ್ಟದ್ದೇ. ಕೊಳ್ಳುವಾಗಲೂ ಉದ್ದ ಬುಡ ಇರುವುದನ್ನೇ ಕೇಳಿ ಕೊಳ್ಳುತ್ತೇನೆ. ಬುಡ ಕತ್ತರಿಸಿ ಚೊಕ್ಕ ಮಾಡಿ ಕೊಡುತ್ತೇನೆ ಎಂದರೆ ಬೇಡ ಎನ್ನುತ್ತೇನೆ, ಮಣ್ಣು ನಾನೇ ಕೆರೆದುಕೊಳ್ಳುತ್ತೇನೆ.

ಆಗಸ್ಟಿನಲ್ಲಿ ಹುಡುಗಿಯನ್ನು ಊರಿಗೆ ಕರೆದುಕೊಂಡು ಹೋದೆ. ಅಜ್ಜಿಗೀಗ ಎಂಬತ್ತನಾಲ್ಕು, ಗುಡ್ಡ ಹತ್ತಲಾರಳು. ಹಸಿರು ಹಾಳೆಯನ್ನು ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದಳು. ಅಜ್ಜಿ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಅಣಬೆ ಹೀಗೆ ರಂಗೋಲಿ ಹಾಕುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ’ ಎಂದಳು. ಆಮೇಲೆ ಹುಡುಗಿಯ ಕೈಗೆ ಒಂದು ಕೋಲು ಕೊಟ್ಟು, ಹಿತ್ತಲ ಹಲಸಿನ ಮರದಾಚೆಯ ಹುತ್ತದ ದಾರಿ ಹೇಳಿದಳು. ಐದು ಎದ್ದಿದ್ದವು. ಹುಡುಗಿ ಕೋಲಿನಿಂದ ಮಣ್ಣು ಬಿಡಿಸುತ್ತ ಒಂದರ ಬುಡ ಹಿಡಿದು ಇಳಿದಳು, ಮೊಳಕೈವರೆಗೆ ಕೈ ಮಣ್ಣೊಳಗೆ ಹೋಯಿತು, ತುದಿ ಸಿಗಲಿಲ್ಲ. ಮೂರು ತಂದೆವು, ಎರಡು ಬಿಟ್ಟೆವು. ಅದರಲ್ಲಿ ಒಂದರ ಕೊಡೆ ಸಾರಿಗೆ ಹೋಗಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಹಸಿರು ಹಾಳೆಯ ಎದುರು ಪುಟದಲ್ಲಿ ಅಂಟಿಸಲು ಅದು ಬೇಕಾಗಿತ್ತು.